ಸಂಜೆ ಒಂದು ಗಂಟೆ ಬಾಗಿಲು ತೆರೆದಿಡಿ

ನಮ್ಮ ರಾಜ್ಯದ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ,



ಪೋಷಕರ ಸಭೆಯಲ್ಲಿ ಕೆಲವು ಮಕ್ಕಳ ಬಗ್ಗೆ ನೀವು ಹೇಳುವ ಮಾತೊಂದಿದೆ: ‘ಓದಿನಲ್ಲಿ ಪರವಾಗಿಲ್ಲ, ಆದರೆ ಯಾರ ಜೊತೆಗೂ ಬೆರೆಯುವುದಿಲ್ಲ.’ ಆ ಮಾತಿನ ಹಿಂದೆ ಕಾಳಜಿಯೇ ಇರುತ್ತದೆಂದು ಬಲ್ಲೆ. ಅಂದು ಮನೆಗೆ ಹೋದ ಮೇಲೆ ಆ ಮಗುವಿಗೆ ಏನಾಗುತ್ತದೆ ಎಂಬುದನ್ನೂ ಬಲ್ಲೆ. ಕೈಲಿದ್ದ ಪುಸ್ತಕ ಕಿತ್ತಿಟ್ಟು ಆಟಕ್ಕೆ ಅಟ್ಟುತ್ತಾರೆ. ಮೈದಾನದಲ್ಲಿ ಎರಡೂ ತಂಡದವರು ತಮಗೆ ಬೇಕಾದವರನ್ನು ಆರಿಸಿಕೊಂಡ ಮೇಲೆ ಉಳಿಯುವುದು ಅದೊಂದೇ. ಚೆಂಡು ಚರಂಡಿಗೆ ಬಿದ್ದಾಗ ಎತ್ತಿಕೊಡುವ ಕೆಲಸ ಅದರ ಪಾಲಿಗೆ. ಸೋಡಾಬುಡ್ಡಿ, ಕುಡುಮಿ, ಪುಸ್ತಕದ ಹುಳು ಎಂದು ಕೂಗಿಸಿಕೊಂಡು ಮನೆಗೆ ಮರಳುತ್ತದೆ. ಬೆರೆಯುವ ಆಸೆ ಆ ಮಗುವಿಗೆ ಇಲ್ಲವೆಂದು ದಯವಿಟ್ಟು ತಿಳಿಯಬೇಡಿ. ಅದರ ಮಾತಿಗೆ ಕಿವಿಗೊಡುವವರು ನಿಮ್ಮ ಶಾಲೆಯಲ್ಲಿ ಇನ್ನೂ ಸಿಕ್ಕಿಲ್ಲ, ಅಷ್ಟೇ.

ನಾನೂ ಅಂಥವನೇ. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ, ರಾಗಿ ಬೆಳೆಯುವವರ ಮನೆಯಲ್ಲಿ ಬೆಳೆದೆ. ಅಜ್ಜ ಮಳೆಯ ಲೆಕ್ಕ ಹಾಕುತ್ತಿದ್ದುದು ನಕ್ಷತ್ರಗಳ ಹೆಸರಿನಲ್ಲಿ: ರೋಹಿಣಿ, ಮೃಗಶಿರಾ, ಆರಿದ್ರಾ. ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಜಿ.ಟಿ. ನಾರಾಯಣ ರಾವ್ ಅವರ ಖಗೋಳದ ಪುಸ್ತಕ ಸಿಕ್ಕಿತು. ಆಮೇಲೆ ಆ ಹೆಸರುಗಳೆಲ್ಲ ಚಳಿಗಾಲದ ಆಕಾಶದಲ್ಲಿ ಒಂದೊಂದಾಗಿ ಕಾಣತೊಡಗಿದವು. ಮಹಾವ್ಯಾಧ ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಹೊಳೆಯುವುದೇ ಆರ್ದ್ರಾ, ಅಜ್ಜನ ಆರಿದ್ರಾ ಎಂದು ಗುರುತು ಸಿಕ್ಕ ರಾತ್ರಿ ಮನೆಯವರನ್ನೆಲ್ಲ ಎಬ್ಬಿಸಿದ್ದೆ. ಆದರೆ ಆರಿದ್ರಾ ಮಳೆ ಹಿಡಿಯುವ ಜೂನ್ ಕೊನೆಯಲ್ಲಿ, ಮೋಡ ಚದುರಿದ ರಾತ್ರಿಯಲ್ಲೂ ಆ ನಕ್ಷತ್ರ ಎಲ್ಲಿಯೂ ಇರಲಿಲ್ಲ. ಮಳೆಗೆ ಹೆಸರು ಕೊಟ್ಟ ನಕ್ಷತ್ರ ಮಳೆಯ ಹೊತ್ತಿಗೇ ಕಾಣೆಯಾಗುವುದು ಹೇಗೆ? ತರಗತಿಯಲ್ಲಿ ಎದ್ದು ನಿಂತು ಕೇಳಿದೆ. ನಡೆಯುತ್ತಿದ್ದುದು ಆಮ್ಲ, ಪ್ರತ್ಯಾಮ್ಲಗಳ ಪಾಠ. ಹುಡುಗರು ನಕ್ಕರು, ಮೇಷ್ಟ್ರೂ ನಕ್ಕರು. ಅಂದಿನಿಂದ ‘ಆರಿದ್ರಾ’ ನನ್ನ ಅಡ್ಡಹೆಸರಾಯಿತು, ನಾನು ಕೈ ಎತ್ತುವುದು ನಿಂತುಹೋಯಿತು.

ಉತ್ತರ ಸಿಕ್ಕಿದ್ದು ಗ್ರಂಥಾಲಯದಲ್ಲಿ. ಸಂಜೆ ಪತ್ರಿಕೆ ಓದಲು ಬರುತ್ತಿದ್ದ ಗುಮಾಸ್ತರೊಬ್ಬರು ನನ್ನ ಕೈಲಿದ್ದ ಪುಸ್ತಕ ನೋಡಿ ಮಾತಿಗೆಳೆದರು. ಮಳೆನಕ್ಷತ್ರವೆಂದರೆ ಆ ದಿನಗಳಲ್ಲಿ ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಅದು ಎಂದರು. ಸೂರ್ಯನ ಜೊತೆಗೇ ಮೂಡಿ ಸೂರ್ಯನ ಜೊತೆಗೇ ಮುಳುಗುವ ನಕ್ಷತ್ರ ರಾತ್ರಿ ಕಾಣುವುದೆಂತು? ವರ್ಷಕ್ಕೆ 27 ನಕ್ಷತ್ರಗಳು, ಒಂದೊಂದಕ್ಕೆ 13–14 ದಿನ. ಅಜ್ಜನ ಮಳೆ ಲೆಕ್ಕವೂ ಅದೇ ಎಂದು ಮೇಜಿನ ಮೇಲೆ ಬೆರಳಿನಿಂದ ಸುತ್ತು ಬರೆದು ತೋರಿಸಿದರು. ‘ನನ್ನ ಮಾತು ನಂಬಬೇಡ, ಜುಲೈ ಕೊನೆಯಲ್ಲಿ ಬೆಳಗಿನ ಜಾವ ಎದ್ದು ಪೂರ್ವಕ್ಕೆ ನೋಡು’ ಎಂದರು. ನೋಡಿದೆ. ಸೂರ್ಯ ಮುಂದಕ್ಕೆ ಸರಿದಿದ್ದ, ಆರ್ದ್ರಾ ಮತ್ತೆ ಕಾಣಿಸಿತ್ತು. ಅದನ್ನು ಹೇಳಲು ಅವರ ಬಳಿ ಓಡಿಹೋದಾಗ ಅವರೂ ಆ ಬೆಳಗಿನ ಜಾವ ಎದ್ದು ನೋಡಿದ್ದರೆಂದು ತಿಳಿಯಿತು. ನನ್ನ ಪ್ರಶ್ನೆಗಾಗಿ ಇನ್ನೊಬ್ಬರು ನಿದ್ದೆ ಬಿಟ್ಟು ಎದ್ದಿದ್ದರು! ಮುಂದೆ ನನ್ನಲ್ಲಿ ಯಾವ ಧೈರ್ಯ ಮೂಡಿದ್ದರೂ ಅದರ ಬೇರು ಅಲ್ಲಿದೆ. ಎದೆ ಸೆಟೆಸಿ ಮಾತಾಡು, ನಾಚಿಕೆ ಬಿಡು ಎಂಬ ಬೋಧನೆಯಿಂದ ಅದು ಬರಲಿಲ್ಲ.

ಕಾಲೇಜಿಗೆಂದು ಬೆಂಗಳೂರಿಗೆ ಬಂದಾಗ ಅಂಥವರು ತುಂಬಿದ ಸಭಾಂಗಣವೇ ಸಿಕ್ಕಿತು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ನಡೆಸುವ ಬುಧವಾರದ ಉಪನ್ಯಾಸಗಳು. ಆ ಫೋರಂ ಅನ್ನು 1962ರಲ್ಲಿ ಕಟ್ಟಿದ ಎಚ್. ನರಸಿಂಹಯ್ಯನವರ ಬದುಕನ್ನು ನಿಮಗೆ ನೆನಪಿಸಬೇಕು, ಏಕೆಂದರೆ ಅವರೂ ಮೊದಲಿಗೆ ಮೇಷ್ಟ್ರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದುವ ಆಸೆಯಿಂದ 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಭೌತಶಾಸ್ತ್ರ ಓದಿದರು, ಕಲಿಸಿದರು, ಅಮೆರಿಕದ ಓಹಾಯೋದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿ ಅದೇ ಕಾಲೇಜಿಗೆ ಬಂದರು, ಮುಂದೆ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಖಾದಿ, ಗಾಂಧಿ ಟೋಪಿ ಬಿಡಲಿಲ್ಲ. ಹಾಸ್ಟೆಲಿನ ಕೋಣೆಯೇ ಮನೆಯಾಯಿತು. ಊರಿಗೆ ಹೊಂದಿಕೊಳ್ಳಲು ಅವರು ತಮ್ಮನ್ನು ತಿದ್ದಿಕೊಳ್ಳಲಿಲ್ಲ. ಪ್ರಶ್ನೆ ಕೇಳುವವರು ವಾರಕ್ಕೊಮ್ಮೆ ಕೂಡಲು ಊರಿನಲ್ಲಿ ಒಂದು ಜಾಗ ಮಾಡಿದರು. ನಾನು ಹೋದಾಗ ಅಲ್ಲಿ ನಿವೃತ್ತರಿದ್ದರು, ಕಾರ್ಖಾನೆಯ ಪಾಳಿ ಮುಗಿಸಿ ಬಂದವರಿದ್ದರು, ಶಾಲೆಯ ಚೀಲ ಹೊತ್ತ ಹುಡುಗಿಯರಿದ್ದರು. ಉಪನ್ಯಾಸ ಮುಗಿದ ಮೇಲೆ ನಡುಗುತ್ತಲೇ ಎದ್ದು ಪ್ರಶ್ನೆ ಕೇಳಿದೆ. ಯಾರೂ ನಗಲಿಲ್ಲ. ಹೊರಗೆ ಬರುವಾಗ ಇಬ್ಬರು ನನ್ನ ಪ್ರಶ್ನೆಯನ್ನೇ ಮುಂದುವರಿಸಿಕೊಂಡು ಬಸ್ ನಿಲ್ದಾಣದವರೆಗೆ ಬಂದರು. ಇಂದಿಗೂ ನನ್ನ ಆಪ್ತ ಸ್ನೇಹಿತರು ಅವರೇ.

ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳವೀಕ್ಷಕರ ಸಂಘವಿದೆ, ತಾರಾಲಯವಿದೆ, 1983ರಿಂದ ನಡೆಯುತ್ತಿರುವ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಇದೆ. ಆದರೆ ಪಾವಗಡದ, ಸೇಡಂನ, ಹನೂರಿನ ಹದಿಮೂರು ವರ್ಷದ ಮಗು ಎಲ್ಲಿಗೆ ಹೋಗಬೇಕು? ಬೆಂಗಳೂರು ಸೇರುವ ವಯಸ್ಸಿನವರೆಗೆ ಕಾಯಲಿ ಎನ್ನುವುದು ಕ್ರೌರ್ಯ. ಅಷ್ಟರಲ್ಲಿ ಎಷ್ಟೋ ಮಕ್ಕಳು ಕೇಳುವುದನ್ನೇ ಮರೆತಿರುತ್ತಾರೆ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಬಂದರೆ ನೀವು ಗೇಟಿನ ಮುಂದೆ ಫ್ಲೆಕ್ಸ್ ಕಟ್ಟುತ್ತೀರಿ. ಅದರಿಂದ ಈ ಮಕ್ಕಳಿಗೆ ಗೌರವ ಸಿಕ್ಕಂತಾಯಿತು ಎಂದುಕೊಳ್ಳಬೇಡಿ. ನಾನು ಹೇಳುತ್ತಿರುವ ಮಗುವಿಗೆ ಅಂಕ ಬರಬಹುದು, ಬರದೆಯೂ ಇರಬಹುದು. ಇರುವೆಗಳ ಸಾಲನ್ನು ಗಂಟೆಗಟ್ಟಲೆ ನೋಡುವವಳು, ರೇಡಿಯೊ ಬಿಚ್ಚಿ ಮತ್ತೆ ಜೋಡಿಸುವವನು, ಊರಿನ ವೀರಗಲ್ಲುಗಳನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡವನು ಗಣಿತದಲ್ಲಿ ನಪಾಸಾದರೂ ಅವರ ಆಸಕ್ತಿ ನಿಜವೇ. ಚುರುಕಿನ ಹುಡುಗಿ ಕಂಡರೆ ಒಂಬತ್ತನೇ ತರಗತಿಗೇ ನೀಟ್ ಕೋಚಿಂಗ್‌ಗೆ ಸೇರಿಸಿ ಎಂದು ಸಲಹೆ ಕೊಡುವುದೂ ಆಕೆಯನ್ನು ಮತ್ತೆ ಒಂಟಿ ಮಾಡುವ ಇನ್ನೊಂದು ದಾರಿ. ಹುಡುಗಿಯರ ಪಾಡು ಹೆಚ್ಚು ಕಷ್ಟದ್ದು: ಹುಡುಗ ರಾತ್ರಿ ಮಾಳಿಗೆ ಹತ್ತಿ ಆಕಾಶ ನೋಡಿದರೆ ಹುಚ್ಚು ಎನ್ನುತ್ತಾರೆ, ಹುಡುಗಿಯನ್ನು ಕೆಳಗಿಳಿಸಿ ಬಾಗಿಲು ಹಾಕುತ್ತಾರೆ. ಆದ್ದರಿಂದ ಅವಳಿಗೆ ಪ್ರಶ್ನೆ ಕೇಳುವ ಜಾಗ ಶಾಲೆಯಲ್ಲೇ, ಬೆಳಕಿರುವ ಹೊತ್ತಿನಲ್ಲೇ ಸಿಗಬೇಕು.

ದೊಡ್ಡ ಖರ್ಚಿನದೇನನ್ನೂ ನಾನು ಕೇಳುತ್ತಿಲ್ಲ. ವಾರಕ್ಕೊಂದು ಸಂಜೆ, ಗಂಟೆ ಬಾರಿಸಿದ ಮೇಲೆ ಒಂದು ತಾಸು, ಪ್ರಯೋಗಾಲಯವನ್ನೋ ಗ್ರಂಥಾಲಯದ ಕೋಣೆಯನ್ನೋ ತೆರೆದಿಡಿ. ಶಾಲೆಯಲ್ಲಿ ಕೋಣೆ ಇಲ್ಲದಿದ್ದರೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಮೇಲ್ವಿಚಾರಕರನ್ನು ಕೇಳಿ. ಹಾಜರಿ ಬೇಡ, ಬಹುಮಾನ ಬೇಡ, ಭಾಷಣ ಖಂಡಿತ ಬೇಡ. ಇಷ್ಟವಿರುವ ಒಬ್ಬ ಶಿಕ್ಷಕರು ಕುಳಿತಿರಲಿ. ಅವರಿಗೆ ಎಲ್ಲ ಉತ್ತರ ಗೊತ್ತಿರಬೇಕಿಲ್ಲ. ಮೊದಲ ವಾರ ಇಬ್ಬರೇ ಬಂದರೆ ಬೇಸರಿಸಬೇಡಿ, ಆ ಇಬ್ಬರು ಒಬ್ಬರನ್ನೊಬ್ಬರು ಕಂಡುಕೊಂಡರೆ ಸಾಕು. ಈ ಪತ್ರ ಓದಿದ ವಾರದಲ್ಲೇ ದಿನ ನಿಗದಿ ಮಾಡಿ, ಸೂಚನಾ ಫಲಕದಲ್ಲಿ ಬರೆಸಿ, ಕೀಲಿಕೈಯನ್ನು ಆ ಶಿಕ್ಷಕರ ಕೈಗೆ ಕೊಡಿ.

ಇತಿ,
ನಿಮ್ಮಂಥದೇ ಒಂದು ಶಾಲೆಯ ಹಳೆಯ ವಿದ್ಯಾರ್ಥಿ