ಹಲೋ, ರೆಕಾರ್ಡ್ ಆಗ್ತಿದೆಯಾ?

‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಎಂದು ಗಾದೆ ಕಟ್ಟಿದ ಪುಣ್ಯಾತ್ಮನ ಕೈಯಲ್ಲಿ ಮೊಬೈಲ್ ಇರಲಿಲ್ಲ. ಮುತ್ತಿನ ಕಥೆ ಏನೋ, ಆಡಿದ ಮಾತು ಮಾತ್ರ ಈಗ ಎಲ್ಲಿಗೂ ಹೋಗುವುದಿಲ್ಲ. ಪೆನ್‌ಡ್ರೈವಿನಲ್ಲಿ ಕೂತು ಚುನಾವಣೆಗೋ ಆಸ್ತಿ ಪಾಲಿಗೋ ಕಾಯುತ್ತಿರುತ್ತದೆ. ಫೋನೆತ್ತಿದ ಕೂಡಲೇ ‘ವಾಟ್ಸಾಪ್ ಕಾಲ್ ಮಾಡ್ರೀ’ ಎನ್ನುವವರ ವ್ಯವಹಾರ ಎಂಥದ್ದೆಂದು ಬೇರೆ ಕೇಳಬೇಕೇ? ಆಡಿಯೋ ಹೊರಬಿದ್ದರೂ ಅವರು ಹೆದರುವವರಲ್ಲ. ಮೊದಲೆಲ್ಲ ‘ಅದು ನನ್ನ ದನಿಯಲ್ಲ, ಮಿಮಿಕ್ರಿ’ ಎನ್ನುತ್ತಿದ್ದರು; ಈಗ ಮಿಮಿಕ್ರಿಯವರಿಗೆ ಬಿಡುವು, ಪಾಪವನ್ನೆಲ್ಲ ಎಐ ಹೊರುತ್ತದೆ.

ಹೇಳದೆ ಕೇಳದೆ ರೆಕಾರ್ಡ್ ಮಾಡಿದರೆ ಜೈಲೇ? ನೀವೇ ಆಡುತ್ತಿರುವ ಮಾತುಕತೆಯನ್ನು ನೀವು ರೆಕಾರ್ಡ್ ಮಾಡಿಕೊಂಡರೆ ಅದೇ ಅಪರಾಧ ಎನ್ನುವ ಕಾಯ್ದೆ ನಮ್ಮಲ್ಲಿಲ್ಲ. ಮೂರನೆಯವನು ನಡುವೆ ಕಿವಿಯಿಟ್ಟರೆ ಮಾತ್ರ ಅದು ಕದ್ದಾಲಿಕೆ. 1988ರಲ್ಲಿ ರಾಮಕೃಷ್ಣ ಹೆಗಡೆಯವರ ಮುಖ್ಯಮಂತ್ರಿ ಕುರ್ಚಿ ಹೋದದ್ದು ಅದರ ಗದ್ದಲದಲ್ಲೇ. ಲಂಚ ಕೇಳಿದ ಮುಂಬಯಿಯ ಕೊರೋನರ್ ಮಲ್ಕಾನಿಗೂ ಫೋನೇ ಮುಳುವಾಯಿತು. ಎದುರಿನ ಡಾಕ್ಟರು ಒಪ್ಪಿ, ಪೊಲೀಸರು ಟೇಪ್ ರೆಕಾರ್ಡರ್ ಜೋಡಿಸಿದ್ದರು. ಆ ಟೇಪು ಸಾಕ್ಷ್ಯವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿತು.

ನಿಜವಾದ ರಗಳೆ ಮನೆಯೊಳಗಿನದು. ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕವಂತೆ! ಈಗ ಉಂಡು ಮಲಗಿದ ಮೇಲೂ ಜಗಳ ಪಕ್ಕದಲ್ಲೇ ಚಾರ್ಜ್ ಆಗುತ್ತಿರುತ್ತದೆ. ಪಂಜಾಬಿನ ಬಠಿಂಡಾದಲ್ಲೊಬ್ಬ ಗಂಡ ಹೆಂಡತಿಯ ಜೊತೆ ಆಡಿದ್ದನ್ನೆಲ್ಲ ಗುಟ್ಟಾಗಿ ತುಂಬಿಸಿಟ್ಟು, ವಿಚ್ಛೇದನದ ಕೇಸಿಗೆ ಸಿ.ಡಿ. ತಂದ. ಇದು ಆಕೆಯ ಖಾಸಗಿತನಕ್ಕೆ ಕೈಹಾಕಿದಂತೆ ಎಂದು ಹೈಕೋರ್ಟ್ ಗದರಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಬಾಯಲ್ಲಿ ಹೇಳಿಸಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2025ರ ಜುಲೈನಲ್ಲಿ ಈ ಸಿ.ಡಿ.ಯನ್ನು ಒಳಗೆ ಬಿಟ್ಟುಕೊಂಡ ಸುಪ್ರೀಂ ಕೋರ್ಟ್ ಪೀಠದಲ್ಲಿದ್ದವರು ನ್ಯಾ. ಬಿ.ವಿ. ನಾಗರತ್ನ. ಅವರೂ ನಮ್ಮವರೇ, ಯಾರ ಕಡೆ ಶಿಳ್ಳೆ ಹೊಡೆಯೋಣ? ದಂಪತಿ ಒಬ್ಬರ ಮೇಲೊಬ್ಬರು ಗೂಢಚರ್ಯೆಗೆ ಇಳಿದರೆಂದರೆ ಆ ಸಂಸಾರ ಆಗಲೇ ಮುರಿದಿದೆ ಎಂಬುದು ಪೀಠದ ಮಾತಿನ ಸಾರ. ನನಗೂ ಸರಿಯೆನಿಸಿತು.

ಹಾಗಂತ ರೆಕಾರ್ಡ್ ಬಟನ್ ಒತ್ತಿದವರೆಲ್ಲ ಕೇಸು ಗೆಲ್ಲುವುದಿಲ್ಲ. ದನಿ ಯಾರದೆಂದು ಗೊತ್ತಾಗಬೇಕು, ಕತ್ತರಿ ಆಡಿಸಿರಬಾರದು, ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇರೆ ಲಗತ್ತಿಸಬೇಕು. ನಿಮ್ಮ ಹತ್ತಿರವೂ ಅಂಥ ಆಡಿಯೋ ಇದ್ದರೆ ವಕೀಲರಿಗೆ ಕೊಡಿ ಸ್ವಾಮಿ, ದಯವಿಟ್ಟು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.