ಬೆಂಗಾ, ಬರ್ರಿ, ಕುಂದರ್ರಿ

ಕನ್ನಡ ನಿಘಂಟು ತೆರೆದು ಕ್ರಿಯಾಪದಗಳನ್ನಷ್ಟೇ ಗಟ್ಟಿಯಾಗಿ ಓದಿ ನೋಡಿ: ಅರೆ, ಎತ್ತು, ಎಬ್ಬಿಸು, ಒರೆಸು, ಕುಟ್ಟು, ತೊಳೆ, ಬಳಿ, ಸಾರಿಸು. 1894ರಲ್ಲಿ ಕಿಟೆಲ್ ಸಾಹೇಬರು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು ಶಬ್ದಕೋಶವೋ, ನಮ್ಮ ಅತ್ತೆಯವರ ಬೆಳಗಿನ ಮಾತೋ ಎಂದು ಅನುಮಾನ ಬರುತ್ತದೆ. ಕನ್ನಡದಲ್ಲಿ ಧಾತುವೇ ಆಜ್ಞೆ. ಪ್ರತ್ಯಯ ಬೇಡ, ದಯವಿಟ್ಟು ಬೇಡ, ಕರ್ತೃಪದ ಎದುರಿಗೆ ನಿಂತಿದ್ದರೆ ಸಾಕು. ಕರ್ತೃಪದ ಎಂದರೆ ಸೊಸೆ.

ಮನೆಯ ಭೂಗೋಳ ಮೊದಲೇ ಹೇಳಿಬಿಡುತ್ತೇನೆ. ನಾನು ಹಾನಗಲ್ಲಿನವಳು. ಮಾವನವರದು ಸವಣೂರು, ಅತ್ತೆಯ ತವರು ಶಿಗ್ಗಾಂವಿ, ನಾದಿನಿಯನ್ನು ಕೊಟ್ಟದ್ದು ಹಿರೇಕೆರೂರಿಗೆ. ನಾವಿರುವುದು ಮಾತ್ರ ಮ್ಯಾಡ್ರಿಡ್‌ನ ಮೂರನೇ ಮಹಡಿಯಲ್ಲಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆ, ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗೆ ಬೆಳ್ಳುಳ್ಳಿ ಎಷ್ಟು ಎಂಬ ಪ್ರಶ್ನೆಯ ಮೇಲೆ ದಿನಾಲೂ ಮತ್ತೆ ವಿಭಜನೆಯ ಅಂಚಿಗೆ ಹೋಗಿ ಬರುತ್ತದೆ. ಅತ್ತೆ ಮಾವ ಬಂದಿರುವುದು ಶೆಂಗೆನ್ ವೀಸಾದ ಮೇಲೆ, 90 ದಿನಕ್ಕೆ. ಅತ್ತೆ ಅದನ್ನು ಶೇಂಗಾ ವೀಸಾ ಅನ್ನುತ್ತಾರೆ. ಅವರ ಸೂಟ್‌ಕೇಸ್ ಬಿಚ್ಚಿದವರು ಯಾರೂ ಅದನ್ನು ತಪ್ಪೆನ್ನಲಾರರು.

ಸ್ಪ್ಯಾನಿಷ್ ತರಗತಿಯಲ್ಲಿ ನಮ್ಮ ಟೀಚರು ಆಜ್ಞಾರ್ಥವನ್ನು ಬಹಳ ದಿನ ಮುಟ್ಟಲೇ ಇಲ್ಲ. ಕೊನೆಗೊಮ್ಮೆ ಸಿಡಿಮದ್ದಿನ ಪೆಟ್ಟಿಗೆ ತೆರೆಯುವವರ ಹಾಗೆ ತೆರೆದರು. ಸಲುಗೆಯ ಆಜ್ಞೆ ಮಾಡುವುದು ಸುಲಭ: ‘ನೀನು ತಿನ್ನುತ್ತಿ’ ಎನ್ನಲು ‘ಕೋಮೆಸ್’, ಅದರ ಬಾಲದ ಸಕಾರ ಕತ್ತರಿಸಿದರೆ ‘ಕೋಮೆ’, ತಿನ್ನು. ತಕರಾರು ಮಾಡುವ ಮೋಟು ಕ್ರಿಯಾಪದಗಳು ಎಂಟಿವೆ: ದಿ, ಆಥ್, ಬೆ, ಪೊನ್, ಸಾಲ್, ಸೆ, ತೆನ್, ಬೆನ್. ಹೇಳು, ಮಾಡು, ಹೋಗು, ಇಡು, ಹೊಂಡು, ಇರು, ಹಿಡಿ, ಬಾ. ನನ್ನ ಗಂಡ ಅವನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಮೊಮ್ಮಗ ಅದನ್ನು ಅಜ್ಜಿಗೆ ಓದಿ ಹೇಳಿದ. ಅತ್ತೆ ಒಂದೇ ಸಲ ಕೇಳಿ, “ಇಷ್ಟಽ ಏನು? ಇದ್ರಾಗ ಸಂಸಾರ ಮುಗೀತಲ್ಲಾ” ಅಂದರು.

ನಿಜ ಹೇಳಬೇಕೆಂದರೆ ಮುಗಿದೇಬಿಟ್ಟಿತು. ಆ ಎಂಟು ಪದ ಹಿಡಿದುಕೊಂಡು ಅತ್ತೆ ಮ್ಯಾಡ್ರಿಡ್ ಆಳತೊಡಗಿದರು.

ಇದಕ್ಕೂ ಮುಂಚೆ ನಾವು ಇಂಗ್ಲೆಂಡಿನಲ್ಲಿದ್ದೆವು. ಅಲ್ಲಿ ಉಪ್ಪು ಕೇಳಬೇಕೆಂದರೆ, ನಿಮಗೆ ತೊಂದರೆಯಾಗದಿದ್ದರೆ ಅದನ್ನು ಈ ಕಡೆ ಸರಿಸುವ ಸಾಧ್ಯತೆ ಇದೆಯೇ ಎಂದು ವಿಚಾರಿಸಿಕೊಂಡು, ಉತ್ತರ ಬರುವ ಮೊದಲೇ ಕ್ಷಮೆಯನ್ನೂ ಕೇಳಬೇಕು. ಅತ್ತೆ ಅಲ್ಲಿಗೆ ಬಂದಾಗ ಪೂರ್ತಿ ಮೂಕರಾಗಿದ್ದರು. ಸ್ಪೇನಿನಲ್ಲಿ ಹಾಗಿಲ್ಲ. ಇಲ್ಲಿಯ ಮಂದಿ ಕಾಫಿ ಅಂಗಡಿಗೆ ನುಗ್ಗಿ ‘ಪೊನ್‌ಮೆ ಉನ್ ಕಫೆ’ ಅನ್ನುತ್ತಾರೆ, ನನಗೊಂದು ಕಾಫಿ ಇಡು. ಅಂಗಡಿಯವನು ಸಿಟ್ಟಾಗುವುದಿಲ್ಲ, ಇಡುತ್ತಾನೆ. ನಾನು ತರಗತಿಯಲ್ಲಿ ಕಲಿತ ‘ಕಿಸಿಯೆರಾ, ಪೊರ್ ಫಾಬೋರ್’ ಎಂಬ ನಯದ ವಾಕ್ಯವನ್ನು ಬಾಯಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಅತ್ತೆ ಕಾಫಿ ಕುಡಿದು, ಲೋಟ ಮುಂದೆ ಸರಿಸಿ, ಸಕ್ಕರೆ ಕಡಿಮೆ ಆಯಿತೆಂದು ಕನ್ನಡದಲ್ಲಿ ಹೇಳಿ ಮುಗಿಸಿರುತ್ತಾರೆ. ಶಿಶುನಾಳ ಶರೀಫರು (1819-1889) ಶಿಗ್ಗಾಂವಿ ತಾಲ್ಲೂಕಿನವರು. ತಂಗಿಯನ್ನೂ ಮುದುಕಿಯನ್ನೂ ಏಕವಚನದಲ್ಲೇ ಮಾತಾಡಿಸಿ ತತ್ವ ಹೇಳಿದವರು. ಆ ನೀರು ಕುಡಿದವರಿಗೆ ‘ಕಿಸಿಯೆರಾ’ ಯಾಕೆ ಬೇಕು?

ಕಾಯಿಪಲ್ಲೆ ಸಂತೆಯಲ್ಲಂತೂ ಅತ್ತೆಗೆ ತವರೇ ಸಿಕ್ಕಿತು. ಕಟ್ಟೆಯ ಹಿಂದಿನ ಗಂಡಸು ‘ದಿಮೆ, ರೇಯ್ನಾ’ ಅಂದ. ಹೇಳು ರಾಣಿ, ಅಂತ. ಶಿಗ್ಗಾಂವಿ ಸಂತೆಯಲ್ಲಿ ‘ಹೇಳಬೇ ಯವ್ವಾ’ ಅನ್ನುವವರಿಗೂ ಇವನಿಗೂ ಗೋಣಿಚೀಲದಷ್ಟೇ ವ್ಯತ್ಯಾಸ. ಆದರೆ ಅತ್ತೆ ರೂಢಿಯಂತೆ ಬದನೆಕಾಯಿ ಒತ್ತಿ ನೋಡಿದ್ದೇ ತಡ, ಅದೇ ಬಾಯಿಂದ ‘ನೊ ತೋಕೆಸ್’ ಬಂತು. ಇಲ್ಲಿ ಮುಟ್ಟುವ ಹಕ್ಕು ಮಾರುವವನದು, ಕೊಳ್ಳುವವರು ಬೆರಳು ತೋರಿಸಬೇಕು. ಮನೆಗೆ ಬಂದ ಮೇಲೆ ಮೊಮ್ಮಗ ಪಾಠ ಮಾಡಿದ: “ಮುಟ್ಟು ಅಂದ್ರ ‘ತೋಕಾ’. ಮುಟ್ಟಬ್ಯಾಡ ಅಂದ್ರ ‘ನೊ ತೋಕೆಸ್’. ಬ್ಯಾಡ ಅಂದಕೂಡ್ಲೇ ಕ್ರಿಯಾಪದಾನೇ ಬದಲಾಗ್ತದ ಅಜ್ಜಿ.” ಅತ್ತೆಗೆ ಇದು ಪಟಾಯಿಸಲಿಲ್ಲ. ಅವರ ಪ್ರಕಾರ ‘ಬ್ಯಾಡ’ ಎಂಬುದಕ್ಕೆ ಅರ್ಥವೇ ಇಲ್ಲ. ಅದು ಎರಡನೇ ಹೋಳಿಗೆ ತಟ್ಟೆಗೆ ಬೀಳುವಾಗ ಬೀಗರು ಮಾಡುವ ಸದ್ದು. ಅದಕ್ಕೊಂದು ಬೇರೆ ರೂಪ ಕಟ್ಟಿಕೊಂಡು ಕೂತ ಭಾಷೆಯ ಮಂದಿ ಅತಿಥಿಗಳಿಗೆ ಹೇಗೆ ಊಟ ಬಡಿಸುತ್ತಾರೆ ಎಂಬುದು ಅವರ ಚಿಂತೆ.

ಮಾವನವರ ಸಮಸ್ಯೆ ಇದರ ತಿರುವುಮುರುವು. ಸವಣೂರು 1948ರವರೆಗೂ ನವಾಬರ ಸಂಸ್ಥಾನ. ಸಂಸ್ಥಾನ ಹೋಯಿತು, ಮಾವನವರ ಬಾಯಿಂದ ಬಹುವಚನ ಹೋಗಲಿಲ್ಲ. ಬೆಕ್ಕಿಗೂ “ಸರೀರಿ” ಅನ್ನುವ ಮನುಷ್ಯ. ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ತಮ್ಮೂರಲ್ಲೇ ಎಂದು ವಾರಕ್ಕೊಮ್ಮೆ ನೆನಪಿಸಿ, ಆದ್ದರಿಂದ ಭಾಷೆಗಳ ಬಗ್ಗೆ ತಮ್ಮ ಮಾತೇ ಕೊನೆ ಎನ್ನುವ ಧಾಟಿಯಲ್ಲಿ ಕನ್ನಡಕ ಏರಿಸುತ್ತಾರೆ. ಸ್ಪ್ಯಾನಿಷ್‌ನಲ್ಲಿ ಸಲುಗೆಯ ‘ತೂ’ ಒಂದು, ಗೌರವದ ‘ಉಸ್ತೆದ್’ ಇನ್ನೊಂದು ಎಂದು ತಿಳಿದ ಕೂಡಲೇ ‘ತೂ’ವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ‘ಬೆನ್’ ಅಂದರೆ ಬಾ, ‘ಬೆಂಗಾ’ ಅಂದರೆ ಬರ್ರಿ. ಅವರು ‘ಬೆಂಗಾ’ ಕಲಿತರು.

ಪೇಚು ಏನೆಂದರೆ, ಸ್ಪೇನಿನವರು ‘ಬೆಂಗಾ’ ಪದವನ್ನು ಸವೆಸಿ ಸವೆಸಿ ‘ಆಯ್ತು ಹಂಗಾರ, ಬರ್ಲಾ’ ಎಂಬ ಅರ್ಥಕ್ಕೂ ತಂದುಬಿಟ್ಟಿದ್ದಾರೆ. ಫೋನ್ ಇಡುವಾಗಲೂ ಅದೇ. ಕೆಳಮನೆಯ ಅಜ್ಜಿ ಒಂದು ತಟ್ಟೆ ಆಮ್ಲೆಟ್ ಹಿಡಿದು ಬಾಗಿಲಿಗೆ ಬಂದರು. ಮಾವ ಎದ್ದು ನಿಂತು, ಕೈ ಜೋಡಿಸಿ, ಸವಣೂರಿನ ಸಕಲ ಮರ್ಯಾದೆಯೊಂದಿಗೆ “ಬೆಂಗಾ, ಬೆಂಗಾ” ಅಂದರು. ಆಯಮ್ಮ ತಟ್ಟೆ ಕೈಗಿಟ್ಟು ಹಿಂದಕ್ಕೆ ತಿರುಗಿದರು. ಮಾವ ಇನ್ನೂ ಜೋರಾಗಿ “ಬೆಂಗಾ!” ಅಂದರು. ಆಕೆ ಮೆಟ್ಟಿಲನ್ನು ಇನ್ನೂ ಬಿರುಸಾಗಿ ಇಳಿದರು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಬಂದು ಶುದ್ಧ ಶಿಗ್ಗಾಂವಿ ಕನ್ನಡದಲ್ಲಿ “ಎಲ್ಲಿಗ್ಹೊಂಟಿಬೇ, ಒಳಗ ಬಾ, ಕುಂದ್ರು!” ಎಂದು ಗದರಿಸಿದರು. ಆಯಮ್ಮ ಮರಳಿ ಹತ್ತಿ ಬಂದು ಕುಂತರು. ಸವಣೂರ ಖಾರಾ ತಿಂದರು. ಕಣ್ಣೀರು ಒರೆಸಿಕೊಂಡು ಇನ್ನಷ್ಟು ಕೇಳಿದರು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಹಡಗು ಹತ್ತಿ ಮೊದಲು ಬಂದಿಳಿದದ್ದು ಇವರದೇ ದೇಶಕ್ಕೆ. ನಮ್ಮ ಕೈಗೆ ಬಂದ ಮೇಲೆ ಅದಕ್ಕೆ ಏನಾಯಿತೆಂದು ಅವರಿಗೂ ತಿಳಿಯಲಿ.

ಮಾವನವರಿಗೆ ಸಮಾಧಾನ ಸಿಕ್ಕಿದ್ದು ಫೋನಿನಲ್ಲಿ. ಇಲ್ಲಿಯವರು ಫೋನ್ ಎತ್ತಿ ‘ದೀಗಾಮೆ’ ಅನ್ನುತ್ತಾರೆ, ನನಗೆ ಹೇಳಿ ಎಂದು, ಅದೂ ಗೌರವದ ರೂಪದಲ್ಲಿ. ಹಾವೇರಿ ಸೀಮೆಯಲ್ಲಿ ಯಾರು ‘ಹಲೋ’ ಅನ್ನುತ್ತಾರೆ? “ಹಾಂ, ಹೇಳ್ರಿ” ಅಷ್ಟೇ. ಈಗ ಫೋನ್ ರಿಂಗಾದರೆ ಮಾವನವರೇ ಓಡುತ್ತಾರೆ. ‘ದೀಗಾಮೆ’ ಅಂದ ನಂತರ ಆ ಕಡೆಯವರು ಹೇಳುವುದು ಒಂದೂ ತಿಳಿಯುವುದಿಲ್ಲ, ಅದು ಬೇರೆ ಮಾತು.

ಹಿರೇಕೆರೂರಿನ ನಾದಿನಿಗೆ ಸ್ಪ್ಯಾನಿಷ್ ಬೇಡ. ಅದು ಸರ್ವಜ್ಞ ನಮ್ಮವನೇ ಎನ್ನುವ ಸೀಮೆ. ಆಕೆಯ ವಾಟ್ಸ್ಆ್ಯಪ್ ಸಂದೇಶಗಳೂ ಮೂರೇ ಸಾಲು. ‘ಅವ್ವಗ ಗುಳಿಗಿ ಕೊಡು. ಅಪ್ಪಗ ಸಕ್ಕರಿ ಕೊಡಬ್ಯಾಡ. ಹಂಗಾಮ ನೋಡಿ ಸ್ವೆಟರ್ ಹಾಕು.’ ಕೊನೆಗೆ ಅಂಕಿತದಂತೆ ತನ್ನ ಹೆಸರು. ಉತ್ತರಕ್ಕೆ ಜಾಗವೇ ಇಲ್ಲ.

ಈ ನಡುವೆ ಮಗ ಶಾಲೆಯಿಂದ ಇನ್ನೊಂದು ಸುದ್ದಿ ತಂದ. ಹಲವರಿಗೆ ‘ಹೋಗಿ’ ಎನ್ನಲು ಪುಸ್ತಕದ ರೂಪ ‘ಈದೊಸ್’. ಜನ ಅನ್ನುವುದು ‘ಈರೊಸ್’. ಸ್ಪೇನಿನ ಭಾಷಾ ಅಕಾಡೆಮಿ ಅದನ್ನು ಬಹುಕಾಲ ತಪ್ಪೆನ್ನುತ್ತ ಬಂದು, 2017ರಲ್ಲಿ ಕೈಚೆಲ್ಲಿ ಒಪ್ಪಿಕೊಂಡಿತು. ಮಾವನವರಿಗೆ ಭಾರಿ ಖುಷಿ. ಹಂಗಿದ್ದರೆ ‘ಕುಂದರ್ರಿ’ಯನ್ನೂ ಪಠ್ಯಪುಸ್ತಕಕ್ಕೆ ಸೇರಿಸಲು ಬೆಂಗಳೂರಿಗೆ ಅರ್ಜಿ ಬರೆಯಬೇಕೆಂದು ಕಾಗದ ತೆಗೆದರು. ಕೇಶಿರಾಜನಿಂದ ಶುರುಮಾಡಬೇಕೋ ಗೋಕಾಕರಿಂದಲೋ ಎಂದು ನನ್ನನ್ನು ಕೇಳಿದರು.

“ಈರೊಸ್” ಅಂದರು ಅತ್ತೆ ನಮ್ಮಿಬ್ಬರಿಗೂ. ಟೇಬಲ್ ಮೇಲೆ ರೊಟ್ಟಿ ಬಡಿಯಬೇಕಿತ್ತು.