ಪಿಕಪ್ಪಿನ ಪಿಕಪ್ಪು

ಕನ್ನಡದಲ್ಲಿ ‘ಪಿಕಪ್’ ಎಂಬ ಶಬ್ದಕ್ಕೆ ಎರಡು ಅರ್ಥ. ಮುಂದೆ ಇಬ್ಬರು ಕೂರಬೇಕಾದ, ಮೂವರು ಕೂರುವ ಕ್ಯಾಬಿನ್ನು, ಹಿಂದೆ ತೆರೆದ ತೊಟ್ಟಿ ಇರುವ ಸಣ್ಣ ಸರಕು ಗಾಡಿ ಒಂದು. ಆಕ್ಸಿಲರೇಟರ್ ತುಳಿದಾಗ ಗಾಡಿ ಮುಂದಕ್ಕೆ ಚಿಮ್ಮುವ ಗುಣ ಇನ್ನೊಂದು. ಮೊದಲನೆಯದರಲ್ಲಿ ಎರಡನೆಯದು ಇರಲೇಬೇಕೆಂಬ ಕಾನೂನಿಲ್ಲ. ‘ಪಿಕಪ್ಪಿಗೆ ಪಿಕಪ್ಪೇ ಇಲ್ಲ’ ಎಂಬ ಮಾತನ್ನು ಕೋಲಾರದಿಂದ ಕೊಟ್ಟಿಗೆಹಾರದವರೆಗೆ ಯಾವ ಗ್ಯಾರೇಜಿನಲ್ಲಿ ಹೇಳಿದರೂ ಯಾರೂ ನಗುವುದಿಲ್ಲ. ಮೆಕ್ಯಾನಿಕ್ ಸುಮ್ಮನೆ ಬಾನೆಟ್ ಎತ್ತುತ್ತಾನೆ.

ಈ ಎರಡನೆಯ ಪಿಕಪ್ಪಿನ ಹೊಟ್ಟೆಯಲ್ಲೂ ಎರಡು ಸಂಗತಿಗಳಿವೆ. ಕರೆದಾಗ ಓಗೊಡಲು ಹಿಡಿಯುವ ಹೊತ್ತು ಒಂದು. ಓಗೊಟ್ಟ ಮೇಲೆ ಎದ್ದು ಬರುವ ರಭಸ ಮತ್ತೊಂದು. ಎಂಜಿನಿಯರುಗಳು ಇವನ್ನು ಥ್ರಾಟಲ್ ರೆಸ್ಪಾನ್ಸ್ ಮತ್ತು ಆಕ್ಸಿಲರೇಷನ್ ಎಂದು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯುತ್ತಾರೆ. ಮನುಷ್ಯರಲ್ಲಿಯೂ ಈ ಭೇದವಿದೆ. ಕೆಲವರು ಕೂಗಿದ ಕೂಡಲೇ ‘ಬಂದೆ’ ಎನ್ನುತ್ತಾರೆ, ಅರ್ಧ ಗಂಟೆ ಬರುವುದಿಲ್ಲ. ಇನ್ನು ಕೆಲವರಿಗೆ ಮೂರು ಸಲ ಕೂಗಬೇಕು. ಆದರೆ ಎದ್ದರೆಂದರೆ ಚಾಪೆ, ತಂಬಿಗೆ, ಎದುರಿಗೆ ಸಿಕ್ಕ ಬೆಕ್ಕು ಎಲ್ಲವನ್ನೂ ದಾಟಿಕೊಂಡು ಬರುತ್ತಾರೆ. ಟರ್ಬೊ ಇರುವ ಸಣ್ಣ ಪಿಕಪ್ಪು ಈ ಎರಡನೆಯ ಜಾತಿಗೆ ಸೇರಿದ್ದು.

ಓಗೊಡುವ ಕಥೆ ಶುರುವಾಗುವುದು ಚಾಲಕನ ಬಲಗಾಲಿನ ಕೆಳಗೆ. ಥ್ರಾಟಲ್ ಎಂದರೆ ಗಂಟಲು ಹಿಸುಕುವುದು. ಪೆಟ್ರೋಲ್ ಎಂಜಿನ್ನಿಗೆ ಈ ಹೆಸರು ಸರಿಯಾಗಿ ಒಪ್ಪುತ್ತದೆ: ಗಾಳಿ ಹೋಗುವ ಕೊಳವೆಯಲ್ಲಿ ಒಂದು ಬಿಲ್ಲೆ ಅಡ್ಡ ನಿಂತಿರುತ್ತದೆ, ಪೆಡಲ್ ತುಳಿದಂತೆ ಅದು ತಿರುಗಿ ದಾರಿ ಬಿಡುತ್ತದೆ. ಡೀಸೆಲ್ ಎಂಜಿನ್ನಿನ ಗಂಟಲನ್ನು ಹೀಗೆ ಯಾರೂ ಹಿಸುಕುವುದಿಲ್ಲ. ಅದು ಗಾಳಿಯನ್ನು ಬೇಕಾದಷ್ಟು ಎಳೆದುಕೊಳ್ಳುತ್ತದೆ. ಪೆಡಲ್ಲಿನಿಂದ ಬದಲಾಗುವುದು ಡೀಸೆಲ್ಲಿನ ಅಳತೆ ಮಾತ್ರ. ಈಗಿನ ಡೀಸೆಲ್ ಗಾಡಿಗಳಲ್ಲಿ ಅಂಥದೊಂದು ಬಿಲ್ಲೆ ಕಂಡರೂ ಅದು ಹೊಗೆ ಶುದ್ಧಿಯಂಥ ಬೇರೆ ಕೆಲಸಕ್ಕೆ ಇಟ್ಟದ್ದು. ಹೀಗಾಗಿ ಡೀಸೆಲ್ ಪಿಕಪ್ಪಿನ ‘ಥ್ರಾಟಲ್’ ಎಂಬುದು, ಕೆರೆ ಬತ್ತಿ ಬಸ್ ನಿಲ್ದಾಣವಾದ ಮೇಲೂ ಉಳಿದುಕೊಂಡ ಕೆರೆಯ ಹೆಸರಿನಂತೆ.

ಹಿಂದೆ ಪೆಡಲ್ಲಿಗೂ ಡೀಸೆಲ್ ಪಂಪಿಗೂ ನಡುವೆ ಒಂದು ತಂತಿ ಇರುತ್ತಿತ್ತು. ತಂತಿ ಕಿತ್ತರೆ ಚಪ್ಪಲಿಯ ದಾರ ಕಟ್ಟಿಕೊಂಡಾದರೂ ಊರು ಸೇರಬಹುದಿತ್ತು. ಈಗ ಪೆಡಲ್ಲಿನ ಬುಡದಲ್ಲಿ ಸೆನ್ಸರ್ ಕೂತಿದೆ. ಕಾಲು ಎಷ್ಟು ಇಳಿಯಿತೆಂದು ಅದು ಕಂಪ್ಯೂಟರಿಗೆ ವರದಿ ಕೊಡುತ್ತದೆ. ಕಂಪ್ಯೂಟರು ಎಂಜಿನ್ನಿನ ಬಿಸಿ, ಒಳಗೆ ಬಂದ ಗಾಳಿ, ಓಟ ಎಲ್ಲವನ್ನೂ ನೋಡಿ, ಎಷ್ಟು ಡೀಸೆಲ್ ಮಂಜೂರು ಮಾಡಬಹುದೆಂದು ತೀರ್ಮಾನಿಸುತ್ತದೆ. ಅಂದರೆ ಚಾಲಕ ಪೆಡಲ್ ತುಳಿದರೆ ಗಾಡಿಗೆ ಆಜ್ಞೆ ಕೊಟ್ಟಂತಲ್ಲ, ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದಂತೆ. ನ್ಯಾಯವಾಗಿ ಹೇಳಬೇಕೆಂದರೆ ಈ ಕಚೇರಿ ಮಿಲಿಸೆಕೆಂಡುಗಳಲ್ಲಿ ಕಡತ ವಿಲೇವಾರಿ ಮಾಡುತ್ತದೆ. ತಡವಾಗುವುದು ಇಲ್ಲಲ್ಲ, ಮುಂದೆ.

ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕೆಜಿ ಗಾಳಿ ಬೇಕು. ಕರಿ ಹೊಗೆ ಬಾರದಂತೆ ಉರಿಯಬೇಕಾದರೆ ಇನ್ನೂ ಹೆಚ್ಚು. 2.5 ಲೀಟರಿನ ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವಾಗ ತಾನಾಗಿ ಎಳೆದುಕೊಳ್ಳಬಲ್ಲ ಗಾಳಿ ಹೆಚ್ಚೆಂದರೆ 2500 ಲೀಟರ್. ಆ ಗಾಳಿಗೆ ಮೀರಿದ ಡೀಸೆಲ್ ಸುರಿದರೆ ಒಲೆಗೆ ಹಸಿ ಸೌದೆ ತುರುಕಿದ ಹಾಗೆ: ಹೊಗೆ ಊರೆಲ್ಲ, ಅನ್ನ ಮಾತ್ರ ಬೇಯದು. ಇಂಥ ಹೊತ್ತಿನಲ್ಲಿ ಅಜ್ಜಿಯರು ಊದುಗೊಳವೆ ಹುಡುಕುತ್ತಿದ್ದರು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಅದೇ ಊದುಗೊಳವೆಗೆ ಪೇಟೆಂಟ್ ಅರ್ಜಿ ಹಾಕಿದ. ಆತನ ಜಾಣತನವಿದ್ದದ್ದು ಊದುವ ಶ್ರಮವನ್ನು ಯಾರ ತಲೆಗೆ ಕಟ್ಟಬೇಕೆಂಬುದರಲ್ಲಿ. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಸೈಲೆನ್ಸರ್ ದಾರಿಯಲ್ಲಿ ಬಿಸಿ ಹೊಗೆಯಾಗಿ ಪೋಲಾಗುತ್ತದೆ. ಆ ಹೊಗೆಯ ದಾರಿಗೆ ಒಂದು ಚಕ್ರ, ಅದೇ ದಂಡದ ಇನ್ನೊಂದು ತುದಿಗೆ, ಗಾಳಿಯ ದಾರಿಯಲ್ಲಿ, ಮತ್ತೊಂದು ಚಕ್ರ. ಹೊಗೆ ಒಂದನ್ನು ತಿರುಗಿಸಿದರೆ ಇನ್ನೊಂದು ತಾಜಾ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಇದೇ ಟರ್ಬೊ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಚಕ್ರ. ಭರದಲ್ಲಿದ್ದಾಗ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು. ಒಲೆಯ ಹೊಗೆಯೇ ಒಲೆಯ ತಿದಿಯೊತ್ತುವ ಇಂಥ ಏರ್ಪಾಡನ್ನು ಕಂಡರೆ ಯಾವ ಕಮ್ಮಾರನೂ ತಲೆದೂಗುತ್ತಿದ್ದ.

ಊದುಗೊಳವೆ ಇಲ್ಲದೆಯೂ ಸಣ್ಣ ಗಾಡಿ ಬದುಕಬಹುದೆಂದು 2005ರಲ್ಲಿ ಬಂದ ಟಾಟಾ ಏಸ್ ತೋರಿಸಿತು: 702 ಸಿಸಿಯ ಎರಡು ಸಿಲಿಂಡರ್, ಸುಮಾರು 16 ಅಶ್ವಶಕ್ತಿ, ಟರ್ಬೊ ಇಲ್ಲ. ಕರೆದರೆ ಕೂಡಲೇ ಓಗೊಡುತ್ತಿತ್ತು. ಆದರೆ ಓಗೊಟ್ಟು ಮಾಡುವುದಾದರೂ ಏನು, ಇದ್ದದ್ದು 16 ಕುದುರೆ. 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್ನಿಗೆ ಟರ್ಬೊ ಸೇರಿಸಿಕೊಂಡಿತ್ತು. ಮಹೀಂದ್ರ ಬೊಲೆರೊ ಪಿಕಪ್ಪಿನ 2.5 ಲೀಟರ್ ಟರ್ಬೊ ಡೀಸೆಲ್ ಎಂಜಿನ್ನು ಕೊಡುವುದು ಸುಮಾರು 75 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ಟಾರ್ಕ್. ಹಳ್ಳಿಯ ಮದುವೆ ದಿಬ್ಬಣದಿಂದ ಹಿಡಿದು ಗಣಪತಿ ವಿಸರ್ಜನೆಯವರೆಗೆ ರಾಜ್ಯದ ಎಷ್ಟೋ ಭಾರ ಈ ಅಳತೆಯ ಗಾಡಿಗಳ ಮೇಲೇ ಬಿದ್ದಿದೆ.

ಊದುಗೊಳವೆಯ ದೋಷವೊಂದೇ: ಹೊಗೆ ಬರದೆ ಅದು ಊದದು, ಅದು ಊದದೆ ಒಲೆ ಉರಿಯದು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಎರಕ ಹೊಯ್ದರೆ ಟರ್ಬೊ ಆಗುತ್ತದೆ. ಚಾಲಕರು ‘ಲ್ಯಾಗ್’ ಎಂದು ಒಟ್ಟಾರೆ ಬೈಯುವುದರಲ್ಲಿ ಎರಡು ಕಾಯಿಲೆಗಳು ಬೆರೆತಿರುತ್ತವೆ. ಎಂಜಿನ್ನು ತೀರ ನಿಧಾನವಾಗಿ, ನಿಮಿಷಕ್ಕೆ ಸಾವಿರ ಸಾವಿರದ ಇನ್ನೂರು ಸುತ್ತಿನಲ್ಲಿದ್ದರೆ, ಬರುವ ಹೊಗೆಯೇ ಸಾಲದು. ಪೆಡಲ್ಲಿನ ಮೇಲೆ ನಿಂತು ಕುಣಿದರೂ ಟರ್ಬೊ ಏಳುವುದಿಲ್ಲ. ಇದು ಹೊಸ್ತಿಲಿನ ಸಮಸ್ಯೆ, ಇದಕ್ಕೆ ಮದ್ದು ಗೇರ್ ಇಳಿಸುವುದು. ಎಂಜಿನ್ನು ಸಾಕಷ್ಟು ತಿರುಗುತ್ತಿದ್ದರೂ ಚಕ್ರ ತನ್ನ ಲಕ್ಷ ಸುತ್ತಿಗೆ ಏರಲು ಒಂದೆರಡು ಸೆಕೆಂಡು ತೆಗೆದುಕೊಳ್ಳುವುದು ಇನ್ನೊಂದು. ಲ್ಯಾಗ್ ಎಂಬ ಹೆಸರು ನಿಜವಾಗಿ ಸಲ್ಲಬೇಕಾದ್ದು ಇದಕ್ಕೆ. ಇದಕ್ಕೆ ಮದ್ದು ಮೊದಲೇ ತುಳಿಯುವುದು, ಅಥವಾ ತಾಳ್ಮೆ. ಹಳೆಯ ಗಾಡಿಗಳು ಈ ಮಧ್ಯಂತರವನ್ನು ಕರಿ ಹೊಗೆ ಬಿಟ್ಟು ಕಳೆಯುತ್ತಿದ್ದವು. ಹೊಸ ಗಾಡಿಯ ಕಂಪ್ಯೂಟರು ಗಾಳಿ ಬರುವವರೆಗೆ ಹೆಚ್ಚಿನ ಡೀಸೆಲ್ ಕೊಡುವುದೇ ಇಲ್ಲ. ಹಿಂದೆ ಬರುವ ಸ್ಕೂಟರಿನವನ ಅಂಗಿ ಬೆಳ್ಳಗೆ ಉಳಿಯಿತು, ಮುಂದೆ ಕೂತ ಚಾಲಕನ ಮುಖ ಕಪ್ಪಾಯಿತು.

ಇದನ್ನು ಹತ್ತಿರದಿಂದ ನೋಡಲು ಚಾರ್ಮಾಡಿ ಘಾಟಿ ಒಳ್ಳೆಯ ಪ್ರಯೋಗಶಾಲೆ. ಮಂಗಳೂರಿನ ಕಡೆಯಿಂದ ಮೀನು ತುಂಬಿದ ಪಿಕಪ್ಪು ಕೊಟ್ಟಿಗೆಹಾರದತ್ತ ಹತ್ತುತ್ತಿದೆಯೆನ್ನಿ. ಹಿಂದಿನ ಕಾರುಗಳು ಗಾಜು ಏರಿಸಿಕೊಂಡು, ಹಾರ್ನು ಹೊಡೆಯುತ್ತ, ಎಲ್ಲಕ್ಕಿಂತ ಹೆಚ್ಚಾಗಿ ಮೂಗು ಮುಚ್ಚಿಕೊಂಡು ಕಾಯುತ್ತಿವೆ. ಹೇರ್‌ಪಿನ್ ತಿರುವಿನಲ್ಲಿ ಎದುರು ಬಸ್ಸು ಇಳಿಯುತ್ತದೆ. ಪಿಕಪ್ಪು ಅದಕ್ಕೆ ಜಾಗ ಬಿಟ್ಟು ನಡಿಗೆಯ ವೇಗಕ್ಕೆ ಬರುತ್ತದೆ. ಬಸ್ಸು ದಾಟಿದ ಮೇಲೆ ಚಾಲಕ ಸೆಕೆಂಡ್ ಗೇರಿನಲ್ಲೇ ಪೆಡಲನ್ನು ನೆಲಕ್ಕೆ ಒತ್ತುತ್ತಾನೆ. ಎಂಜಿನ್ನು ‘ಗೊರ್ರ್’ ಎನ್ನುತ್ತದೆ, ಗೇರ್ ಕೋಲು ನಡುಗುತ್ತದೆ, ಡ್ಯಾಶ್‌ಬೋರ್ಡಿನ ಗಣಪತಿ ತಲೆಯಾಡಿಸುತ್ತಾನೆ. ಗಾಡಿ ಮಾತ್ರ ಇದ್ದಲ್ಲೇ ಇದ್ದಂತೆ.

‘ಫಸ್ಟ್‌ಗೆ ಹಾಕಣ್ಣ,’ ಎನ್ನುತ್ತಾನೆ ಕ್ಲೀನರ್ ಹುಡುಗ.

‘ತಡಿಯೋ, ಬರತ್ತೆ.’

‘ಹಿಂದೆ ಹೋಗ್ತಿದೆ ಅನ್ಸತ್ತಣ್ಣ.’

‘ಬರತ್ತೆ ಅಂದ್ನಲ್ಲ!’

ಅಷ್ಟರಲ್ಲಿ ಬಾನೆಟ್ಟಿನೊಳಗಿಂದ ‘ಸುಂಯ್’ ಎಂಬ ಸಣ್ಣ ಸಿಳ್ಳೆ ಏಳುತ್ತದೆ. ಆ ಸಿಳ್ಳೆ ಕೇಳಿದ ಗಳಿಗೆಗೂ ಗಾಡಿ ಎದ್ದ ಗಳಿಗೆಗೂ ಅಂತರವೇ ಇಲ್ಲ; ಇಷ್ಟು ಹೊತ್ತು ಬಾರದ ಬಲವೆಲ್ಲ ಒಟ್ಟಿಗೇ ಬಂದು, ಐಸ್ ನೀರು ಹಿಂಬಾಗಿಲಿನಿಂದ ಹಿಂದಿನ ಕಾರಿನ ಬಾನೆಟ್ಟಿಗೆ ಅಭಿಷೇಕವಾಗುತ್ತದೆ. ಚಾಲಕರ ಮಾತಿನಲ್ಲಿ ಇದು ‘ಟರ್ಬೊ ಓಪನ್ ಆಗೋದು’. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದನ್ನು ಇಷ್ಟು ಅಕ್ಷರಶಃ ಪಾಲಿಸುವ ಯಂತ್ರ ಇನ್ನೊಂದಿಲ್ಲ. ಹುಡುಗ ಹೇಳಿದ್ದೇ ಸರಿಯಾಗಿತ್ತು ಎಂಬುದು ಬೇರೆ ಮಾತು: ಫಸ್ಟ್ ಗೇರಿಗೆ ಹಾಕಿದ್ದರೆ ಎಂಜಿನ್ನು ಸುಮಾರು 1500 ಸುತ್ತಿನ ಹೊಸ್ತಿಲನ್ನು ಕೂಡಲೇ ದಾಟುತ್ತಿತ್ತು. ಆದರೆ ಕ್ಲೀನರ್ ಹೇಳಿದ ಗೇರಿಗೆ ಗಾಡಿ ಓಡಿಸಿದ ಚಾಲಕ ಈವರೆಗೆ ಹುಟ್ಟಿಲ್ಲ. ಹಾಫ್ ಕ್ಲಚ್ಚಿನಲ್ಲಿ ಗಾಡಿ ಹಿಡಿದು ರೇಸ್ ಕೊಡುವುದು ಮೂರನೆಯ ಉಪಾಯ. ಅದರಲ್ಲಿ ಉಳಿದ ಸೆಕೆಂಡುಗಳ ಬೆಲೆಯನ್ನು ಕ್ಲಚ್ ಪ್ಲೇಟಿನ ಬಿಲ್ಲಿನಲ್ಲಿ ನೋಡಬಹುದು.

ಇನ್ನು ಎದ್ದು ಬರುವ ರಭಸದ ವಿಚಾರ. ನ್ಯೂಟನ್ನನ ಪ್ರಕಾರ ಅದೇ ಬಲಕ್ಕೆ ಭಾರ ಇಮ್ಮಡಿಯಾದರೆ ವೇಗೋತ್ಕರ್ಷ ಅರ್ಧ. ಕೋಲಾರದ ಮಂಡಿಯಲ್ಲಿ ಟೊಮೆಟೊ ಕ್ರೇಟು 15 ಕೆಜಿಯ ಲೆಕ್ಕ. ಸುಮಾರು 1700 ಕೆಜಿ ತೂಗುವ ಖಾಲಿ ಗಾಡಿಗೆ ನೂರು ಕ್ರೇಟು ಏರಿಸಿ, ಚಾಲಕನನ್ನೂ ಅವನ ಭಾವಮೈದುನನನ್ನೂ ಕೂರಿಸಿದರೆ 3300 ಕೆಜಿ. ಈ ಭಾರವನ್ನು ನಿಂತಲ್ಲಿಂದ 60 ಕಿಲೋಮೀಟರ್ ವೇಗಕ್ಕೆ ಏರಿಸಲು ಸುಮಾರು 4.6 ಲಕ್ಷ ಜೂಲ್ ಬೇಕು. 75 ಅಶ್ವಶಕ್ತಿ ಎಂದರೆ ಸೆಕೆಂಡಿಗೆ 55 ಸಾವಿರ ಜೂಲ್. ಕಾಗದದ ಮೇಲೆ ಎಂಟೂಕಾಲು ಸೆಕೆಂಡಿನ ಕೆಲಸ. ರಸ್ತೆಯ ಮೇಲೆ ಇದರ ಎರಡರಷ್ಟಾದರೂ ಹಿಡಿಯುತ್ತದೆ. ಪೂರ್ಣ ಶಕ್ತಿ ಸಿಗುವುದು ಎಂಜಿನ್ನಿನ ಒಂದು ಕಿರಿದಾದ ವೇಗಶ್ರೇಣಿಯಲ್ಲಿ ಮಾತ್ರ, ಪ್ರತಿ ಗೇರ್ ಬದಲಿಸುವಾಗಲೂ ಟರ್ಬೊ ಒಂದು ಕಿರುನಿದ್ದೆ ತೆಗೆಯುತ್ತದೆ. ಹಿಂದಿರುಗುವಾಗ ಖಾಲಿ ಗಾಡಿಯನ್ನು ಅದೇ ಎಂಜಿನ್ನು ಹೊತ್ತುಕೊಂಡು ಹಾರುವಂತಿರುತ್ತದೆ. ಹಂಪು ಕಂಡರೆ ತೊಟ್ಟಿ ನಿಜವಾಗಿಯೂ ಹಾರುತ್ತದೆ. ಬೆಳಿಗ್ಗೆ ಆನೆ, ಸಂಜೆ ಆಡು.

ಏರಿನಲ್ಲಿ ಲೆಕ್ಕ ಇನ್ನೂ ಖಾರ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯಲ್ಲಿ ಈ 3300 ಕೆಜಿಯನ್ನು 30 ಕಿಲೋಮೀಟರ್ ವೇಗದಲ್ಲಿ ಹತ್ತಿಸಲು ಸುಮಾರು 22 ಕಿಲೋವ್ಯಾಟ್ ಸಾಕು. ಅದೇ ಏರನ್ನು 60ರಲ್ಲಿ ಹತ್ತಬೇಕಾದರೆ 50 ಕಿಲೋವ್ಯಾಟಿನ ಹತ್ತಿರ. ಇರುವುದೇ 55, ಗೇರು, ಆಕ್ಸಲ್ಲುಗಳ ದಾರಿಯಲ್ಲಿ ಸೋರುವುದನ್ನು ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿ ವೇಗ ಹೆಚ್ಚಿಸುವುದು ಹಾಗಿರಲಿ, ಇದ್ದ ವೇಗ ಉಳಿಸಿಕೊಂಡರೆ ಪುಣ್ಯ.

ಓವರ್‌ಟೇಕ್ ಎಂಬುದು ಈ ಎರಡೂ ವಿದ್ಯೆಗಳ ಒಟ್ಟು ಪರೀಕ್ಷೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಸರಿಯುತ್ತದೆ. ಟರ್ಬೊ ಎರಡು ಸೆಕೆಂಡು ಯೋಚಿಸಿದರೆ 22 ಮೀಟರ್, ಅಂದರೆ ಎರಡು ಬಸ್ಸಿನ ಉದ್ದ. ಅಷ್ಟು ದೂರ ಪಿಕಪ್ಪು ಬಲಬದಿಯ ರಸ್ತೆಯಲ್ಲಿ ಬಸ್ಸಿನ ಪಕ್ಕಕ್ಕೇ ತೆವಳುತ್ತಿರುತ್ತದೆ. ಕಿಟಕಿಯ ಪ್ರಯಾಣಿಕರೊಂದಿಗೆ ಕುಶಲ ವಿಚಾರಿಸುವಷ್ಟು ಪುರಸೊತ್ತು. ಬಲ್ಲ ಚಾಲಕ ಬಲಕ್ಕೆ ಹೊರಳುವ ಮೊದಲೇ ಗೇರ್ ಇಳಿಸಿ, ಬಸ್ಸಿನ ಹಿಂದೆಯೇ ಟರ್ಬೊ ಸಿಳ್ಳೆ ಹಾಕಿಸಿಕೊಂಡು, ಆಮೇಲೆ ಹೊರಡುತ್ತಾನೆ. ಇಷ್ಟೆಲ್ಲ ಆಗಿ ಗಾಡಿ ಹುರುಪಿಗೆ ಬಂದು 80 ಮುಟ್ಟಿತೋ, ಸರಕು ವಾಹನಗಳಿಗೆ ಕಾನೂನು ಕಟ್ಟಿದ ಸ್ಪೀಡ್ ಗವರ್ನರ್ ಡೀಸೆಲ್ ಹಿಡಿಯುತ್ತದೆ. ಬಸ್ಸಿನ ಚಾಲಕನಿಗೆ ಇದು ಚೆನ್ನಾಗಿ ಗೊತ್ತು.

ಅಮೆರಿಕದಲ್ಲಿ ಇದೇ ಕಥೆ ಪೆಟ್ರೋಲಿನಲ್ಲಿ ನಡೆಯುತ್ತದೆ. ಅಲ್ಲಿ ‘ಸಣ್ಣ’ ಎನಿಸಿಕೊಂಡ ಫೋರ್ಡ್ ಮ್ಯಾವೆರಿಕ್ ಪಿಕಪ್ಪು 2022ರ ಮಾದರಿಯಾಗಿ ಬಂದಾಗ ಅದರ 2 ಲೀಟರಿನ ಟರ್ಬೊ ಎಂಜಿನ್ನಿಗೆ 250 ಅಶ್ವಶಕ್ತಿ. ನಿಂತಲ್ಲಿಂದ 96 ಕಿಲೋಮೀಟರ್ ವೇಗಕ್ಕೆ ಸುಮಾರು ಆರು ಸೆಕೆಂಡು. ಅಷ್ಟರಲ್ಲಿ ಕೋಲಾರದ ಗಾಡಿ ಮಂಡಿಯ ಗೇಟು ದಾಟಿರುವುದಿಲ್ಲ. ನಾರ್ಮಲ್, ಎಕೊ, ಸ್ಪೋರ್ಟ್, ಸ್ಲಿಪರಿ, ಟೋ ಎಂದು ಐದು ಮೋಡುಗಳು ಬೇರೆ. ಮೋಡು ಬದಲಿಸಿದರೆ ಎಂಜಿನ್ನಿನ ಒಟ್ಟು ಶಕ್ತಿ ಹೆಚ್ಚುವುದಿಲ್ಲ. ಪೆಡಲ್ಲಿನ ಅರ್ಜಿಯನ್ನು ಕಂಪ್ಯೂಟರು ಎಷ್ಟು ಉತ್ಸಾಹದಿಂದ ಓದಬೇಕೆಂಬುದು, ಗೇರು ಯಾವಾಗ ಬದಲಾಗಬೇಕೆಂಬುದು ಬದಲಾಗುತ್ತದೆ. ಪೆಡಲ್ಲಿಗೆ ಸಿಕ್ಕಿಸಿದರೆ ಪಿಕಪ್ ಹೆಚ್ಚುತ್ತದೆಂದು ಮಾರುವ ಪುಟ್ಟ ಪೆಟ್ಟಿಗೆಗಳು ಮಾಡುವುದೂ ಇಷ್ಟೇ: ಕಾಲಿಟ್ಟದ್ದು ಕಾಲುಭಾಗವಾದರೆ ಅರ್ಧ ಎಂದು ಚಾಡಿ ಹೇಳುತ್ತವೆ. ಇಲ್ಲಿನ ಪಿಕಪ್ಪಿಗೆ ಎರಡೇ ಮೋಡು, ಖಾಲಿ ಮತ್ತು ಲೋಡು.

ಇದ್ದ ಪಿಕಪ್ಪು ಹೋಯಿತೆಂದರೆ ಹುಡುಕಬೇಕಾದ ಜಾಗಗಳು ಹೆಚ್ಚಿಲ್ಲ. ಮೊದಲನೆಯದು ಏರ್ ಫಿಲ್ಟರ್. ಇಟ್ಟಿಗೆ ಗೂಡಿನ ರಸ್ತೆಯಲ್ಲಿ ಓಡುವ ಗಾಡಿಯ ಫಿಲ್ಟರನ್ನು ನೆಲಕ್ಕೆ ಕುಟ್ಟಿದರೆ ಒಂದು ಸಣ್ಣ ಹೊಲ ಬೀಳುತ್ತದೆ. ಆಮೇಲೆ ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು. ಅದರಲ್ಲಿ ಉಗುರಿನಷ್ಟು ಸೀಳು ಬಿದ್ದರೂ ಒತ್ತಿದ ಗಾಳಿಯೆಲ್ಲ ಅಲ್ಲೇ ‘ಸುಸ್’ ಎಂದು ಸೋರಿಹೋಗುತ್ತದೆ. ಹಳೆಯ ಮೆಕ್ಯಾನಿಕ್ಕುಗಳು ಸ್ಕ್ಯಾನರ್ ಹಾಕುವ ಮೊದಲು ಹೋಸಿನ ಕೆಳಮೈಯನ್ನು ಬೆರಳಿನಿಂದ ಸವರಿ, ಅಂಟಿದ ಎಣ್ಣೆ ಧೂಳನ್ನು ಮೂಸಿ ನೋಡುತ್ತಾರೆ. ಗಾಳಿ ಸೋರುವಲ್ಲಿ ಎಣ್ಣೆಯ ಜಿಡ್ಡೂ ಸೋರಿರುತ್ತದೆ. ಡೀಸೆಲ್ ಫಿಲ್ಟರ್ ಕಟ್ಟಿದ್ದರೆ, ಸೆನ್ಸರ್ ಸುಳ್ಳು ಹೇಳುತ್ತಿದ್ದರೆ, ಕಂಪ್ಯೂಟರು ಚೆಕ್ ಲೈಟ್ ಹಚ್ಚಿ ಗಾಡಿಯನ್ನು ಅರೆಶಕ್ತಿಗೆ ಇಳಿಸುತ್ತದೆ. ಬ್ಯಾಟರಿ ವೈರು ಕಿತ್ತು ಮತ್ತೆ ಸಿಕ್ಕಿಸುವುದು ಇದಕ್ಕೆ ಸರ್ವಮಾನ್ಯ ಮನೆಮದ್ದು. ಮುಂದಿನ ಏರಿನವರೆಗೆ ಕೆಲಸ ಮಾಡುತ್ತದೆ.

ದೂರದ ಓಟ ಮುಗಿಸಿ ಬಂದ ಗಾಡಿಯನ್ನು ಥಟ್ಟನೆ ಆಫ್ ಮಾಡಬಾರದು. ಟರ್ಬೊದ ದಂಡ ತಿರುಗುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಎಂಜಿನ್ನು ನಿಂತರೆ ಆಯಿಲ್ ಪಂಪೂ ನಿಲ್ಲುತ್ತದೆ, ಉಳಿದ ಆಯಿಲ್ ಬಿಸಿಗೆ ಕರಕಲಾಗುತ್ತದೆ. ಆದ್ದರಿಂದ ಒಂದು ನಿಮಿಷ ಐಡಲ್‌ನಲ್ಲಿ ಬಿಡಬೇಕು. ಚಾಲಕ ಕ್ಯಾಬಿನ್ನಿನಿಂದ ಇಳಿದು, ಸೊಂಟ ನೆಟ್ಟಗೆ ಮಾಡಿ, ಹಗ್ಗ ಬಿಚ್ಚುವ ಹುಡುಗನನ್ನು ಎರಡು ಬೈದು, ಬೀಡಿ ಹಚ್ಚುವಷ್ಟರಲ್ಲಿ ಆ ನಿಮಿಷ ಆಗಿರುತ್ತದೆ. ಆಮೇಲೆ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿದರೆ ಎಂಜಿನ್ನು ಒಮ್ಮೆ ಕುಲುಕಿ ನಿಲ್ಲುತ್ತದೆ. ಬಾನೆಟ್ಟಿಗೆ ಕಿವಿಯಿಟ್ಟರೆ ಇನ್ನೂ ಒಂದೆರಡು ಸೆಕೆಂಡು ಟರ್ಬೊ ತಿರುಗುತ್ತಿರುವುದು ಕೇಳಿಸುತ್ತದೆ. ತಡವಾಗಿ ಎದ್ದದ್ದು, ತಡವಾಗಿಯೇ ಮಲಗುತ್ತದೆ.